ಹೊನ್ನೂರಮ್ಮ ಕತ್ತರಿಸಿದ ಆಕಾಶ

ನಮ್ಮೂರಿನಲ್ಲಿ ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡಬೇಕು ಎಂಬುದನ್ನು ಆಕಾಶದಾಟ ತೀರ್ಮಾನಿಸುತ್ತದೆ. ಏಳು ಬೀದಿ, ಬೀದಿಗೊಬ್ಬ ಆಟಗಾರ, ತೊಂಬತ್ತು ದಿನದ ಆಟ. ಯುಗಾದಿ ಕಳೆದ ಮರುವಾರ ಪುರಸಭೆಯ ಸಭಾಂಗಣದಲ್ಲಿರುವ ಕಂಪ್ಯೂಟರ್ ಒಂದು ಹೊಸ ಆಕಾಶವನ್ನು ಮಾಡುತ್ತದೆ. ಅದರ ತುಂಬ ನಕ್ಷತ್ರಗಳನ್ನು ಎರಚಿ, ಏಳು ಬೀದಿಗಳಿಗೆ ಏಳು ಮನೆನಕ್ಷತ್ರಗಳನ್ನು ತನಗೆ ತೋಚಿದ ಕಡೆ ಹಂಚುತ್ತದೆ. ಅಲ್ಲಿಂದ ಮುಂದೆ ದಿನಕ್ಕೊಂದು ನಡೆ, ಸಂಜೆ ನಾಲ್ಕಕ್ಕೆ. ಹಡಗು ಕಟ್ಟಬೇಕು, ಪಕ್ಕದ ಗ್ರಹ ಹಿಡಿಯಬೇಕು, ಹಿಡಿದದ್ದನ್ನು ಇನ್ನೊಬ್ಬರಿಂದ ಕಾಪಾಡಿಕೊಳ್ಳಬೇಕು. ತೊಂಬತ್ತನೆಯ ದಿನ ಯಾರ ಹತ್ತಿರ ಹೆಚ್ಚು ಗ್ರಹಗಳಿವೆಯೋ ಆ ಬೀದಿಗೆ ವರ್ಷಪೂರ್ತಿ ಬೆಳಿಗ್ಗೆ ಆರಕ್ಕೆ ನೀರು. ಎರಡನೆಯವರಿಗೆ ಏಳು ಇಪ್ಪತ್ತಕ್ಕೆ. ಹೀಗೆ ಇಳಿಯುತ್ತ ಇಳಿಯುತ್ತ ಕೊನೆಯ ಬೀದಿಗೆ ಮಧ್ಯಾಹ್ನ ಎರಡಕ್ಕೆ. ಹಿಂದೊಮ್ಮೆ ಹೊಸದಾಗಿ ಬಂದ ಎಂಜಿನಿಯರರೊಬ್ಬರು, ತಿಂಗಳಿಗೊಂದು ಬೀದಿಯಂತೆ ಸರದಿ ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದ್ದರು. ಜನ ಅವರನ್ನು ನೋಡಿದ ನೋಟಕ್ಕೆ ಅವರು ಮೂರೇ ತಿಂಗಳಲ್ಲಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು.

ಆಕಾಶ ಮಾಡುವ ಗುಂಡಿಯನ್ನು ಒತ್ತುವವನು ನಾನು. ನನ್ನ ಹೆಸರು ಇಂದುಧರ, ಹುದ್ದೆ ಆಕಾಶ ಗುಮಾಸ್ತ. ಗುಂಡಿ ಒತ್ತುವವನಿಗೆ ಯಾವ ಬೀದಿಯ ಮೇಲೂ ಮಮತೆ ಇರಬಾರದೆಂದು ಕಚೇರಿಯ ಹಿಂದೆಯೇ ಮನೆ ಕೊಟ್ಟಿದ್ದಾರೆ. ನಮಗೆ ಕಚೇರಿಯ ತೊಟ್ಟಿಯಿಂದ ಯಾವಾಗ ಬೇಕಾದರೂ ನೀರು ಬರುತ್ತದೆ. ಇದನ್ನು ಊರಿನವರ ಮುಂದೆ ನಾನು ಹೆಚ್ಚು ಹೇಳಿಕೊಳ್ಳುವುದಿಲ್ಲ. ಗುಂಡಿ ಒತ್ತುವುದು ವರ್ಷಕ್ಕೆ ಒಂದು ಸಲ. ಉಳಿದ ದಿನಗಳಲ್ಲಿ ನನ್ನ ಕೆಲಸ ತಕರಾರು ಅರ್ಜಿ ತೆಗೆದುಕೊಳ್ಳುವುದು. ನಮ್ಮ ನಕ್ಷತ್ರದ ಸುತ್ತ ಬರೀ ಮಂಜುಗಡ್ಡೆಯ ಗ್ರಹಗಳೇ ಇವೆ, ಅವರಿಗೆ ಬೆಚ್ಚನೆಯವು ನಾಲ್ಕು ಸಿಕ್ಕಿವೆ, ನಮ್ಮನ್ನು ಇಬ್ಬರ ನಡುವೆ ಸಿಕ್ಕಿಸಿದ್ದೀರಿ, ನಮ್ಮನ್ನು ಮೂಲೆಗೆ ತಳ್ಳಿದ್ದೀರಿ, ಹೀಗೆ. ನಡುವೆ ಸಿಕ್ಕವರಿಗೆ ಮೂಲೆ ಬೇಕು, ಮೂಲೆಯಲ್ಲಿರುವವರಿಗೆ ನಡು ಬೇಕು. ಹದಿನಾಲ್ಕು ವರ್ಷಗಳಲ್ಲಿ ಒಬ್ಬರೇ ಒಬ್ಬರು ಬಂದು, ನಮಗೆ ಒಳ್ಳೆಯ ಜಾಗ ಸಿಕ್ಕಿದೆ, ವಂದನೆಗಳು ಎಂದು ಬರೆದುಕೊಟ್ಟದ್ದಿಲ್ಲ. ಗೆದ್ದವರು ಕೂಡ ತಮ್ಮ ಜಾಗ ಕೆಟ್ಟದಿತ್ತು, ಆದರೂ ಗೆದ್ದೆವು ಎಂದೇ ಹೇಳುತ್ತಾರೆ.

ಗಾಣದ ಬೀದಿಯ ಆಟಗಾರ್ತಿ ಹೊನ್ನೂರಮ್ಮನವರು ಅರ್ಜಿ ಕೊಡುವುದರಲ್ಲಿ ಎಲ್ಲರಿಗಿಂತ ಮುಂದು. ಅರವತ್ತು ದಾಟಿದ ಹೆಂಗಸು, ಒಬ್ಬರೇ ಇರುವವರು, ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಹನ್ನೊಂದು ವರ್ಷದಿಂದ ಆಡುತ್ತಿದ್ದರು. ಅದರಲ್ಲಿ ಎಂಟು ಸಲ ಏಳನೆಯ ಸ್ಥಾನ, ಮೂರು ಸಲ ಆರನೆಯದು. ಬೇರೆ ಆಟಗಾರರನ್ನು ಕಳಿಸಬಾರದೇ ಎಂದರೆ ಗಾಣದ ಬೀದಿಯಲ್ಲಿ ಯಾರೂ ಮುಂದೆ ಬರುತ್ತಿರಲಿಲ್ಲ. ಸೋಲುವ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವವರು ಒಬ್ಬರಿರುವಾಗ ತಾವೇಕೆ ನಡುವೆ ಎಂದು ಅವರಿಗೆಲ್ಲ ಅನಿಸಿರಬೇಕು. ಹೊನ್ನೂರಮ್ಮ ಮೊದಲು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿದ್ದರು. ನೀರು ಮಧ್ಯಾಹ್ನ ಎರಡಕ್ಕೆ ಬಂದು ಎರಡು ನಲವತ್ತಕ್ಕೆ ನಿಂತುಹೋಗುವ ಬೀದಿಯಲ್ಲಿ ಒಂಟಿ ಹೆಂಗಸಿಗೆ ಶಾಲೆಯ ಕೆಲಸ ಮಾಡಲಾಗುವುದಿಲ್ಲ. ಆಟಕ್ಕೆ ಇಳಿದ ಎರಡನೆಯ ವರ್ಷವೇ ಅದನ್ನು ಬಿಟ್ಟರು. ಅವರೊಬ್ಬರೇ ಅಲ್ಲ, ಗಾಣದ ಬೀದಿಯಲ್ಲಿ ಮನೆಗೊಬ್ಬರಾದರೂ ಇಂಥದ್ದೊಂದನ್ನು ಬಿಟ್ಟವರೇ.

ಆ ವರ್ಷ ಯುಗಾದಿಗೆ ಇನ್ನೂ ಒಂದು ತಿಂಗಳಿರುವಾಗ, ಅಂದರೆ ತಕರಾರಿಗೆ ಆಕಾಶವೇ ಇಲ್ಲದ ಕಾಲದಲ್ಲಿ, ಹೊನ್ನೂರಮ್ಮ ಒಂದು ಬಟ್ಟೆಯ ಗಂಟು ಹೊತ್ತುಕೊಂಡು ಕಚೇರಿಗೆ ಬಂದರು. ಮೂರೂವರೆ ಆಗಿತ್ತು, ಸೀರೆಯ ಅಂಚು ಒದ್ದೆಯಾಗಿತ್ತು. "ಇಂದುಧರಪ್ಪ, ನಿನ್ನ ಮೇಜು ಸ್ವಲ್ಪ ಖಾಲಿ ಮಾಡು" ಎಂದರು. ಗಂಟು ಬಿಚ್ಚಿ ಹನ್ನೊಂದು ಚೌಕ ಬಟ್ಟೆಗಳನ್ನು ಹರಡಿದರು. ಕಡುನೀಲಿ ಬಟ್ಟೆಯ ಮೇಲೆ ಗುಂಡಿಗಳನ್ನು ಹೊಲಿದಿದ್ದರು. ಅಂಗಿಯ ಬಿಳಿ ಗುಂಡಿಗಳು ನಕ್ಷತ್ರ, ಕೋಟಿನ ದೊಡ್ಡ ಗುಂಡಿಗಳು ಮನೆನಕ್ಷತ್ರ, ಸಣ್ಣ ಟಿಚ್ ಬಟನ್ನುಗಳು ಬೆಚ್ಚನೆಯ ಗ್ರಹ. ಹನ್ನೊಂದು ವರ್ಷದ ಹನ್ನೊಂದು ಆಕಾಶಗಳು, ಆಟ ಶುರುವಾದ ದಿನ ಇದ್ದ ಹಾಗೆ. ಗಾಣದ ಬೀದಿಯ ಗುಂಡಿ ಮಾತ್ರ ಕೆಂಪು.

"ಕೆಂಪಿನ ಸುತ್ತ ಬೆರಳಿಟ್ಟು ನೋಡು" ಎಂದರು. ನೋಡಿದೆ. ಒಂದು ಬಟ್ಟೆಯಲ್ಲಿ ಕೆಂಪು ಗುಂಡಿಯ ಅಕ್ಕಪಕ್ಕ ಒಂದೇ ಒಂದು ಟಿಚ್ ಬಟನ್ನು. ಇನ್ನೊಂದರಲ್ಲಿ ಎರಡು. ಮತ್ತೊಂದರಲ್ಲಿ ಒಂದೂ ಇಲ್ಲ, ಸುತ್ತ ಬೂದುಬಣ್ಣದ ದಾರದಲ್ಲಿ ಕಸೂತಿ ಮಾಡಿದ ಧೂಳಿನ ಮೋಡ. ಬಳೆ ಬೀದಿಯ ಹಸಿರು ಗುಂಡಿಯ ಸುತ್ತ ಮಾತ್ರ ಯಾವ ಬಟ್ಟೆಯಲ್ಲಿ ನೋಡಿದರೂ ಟಿಚ್ ಬಟನ್ನುಗಳು ಮುತ್ತಿಕೊಂಡಿದ್ದವು. ಹನ್ನೊಂದರಲ್ಲಿ ಆರು ವರ್ಷ ಗೆದ್ದದ್ದೂ ಬಳೆ ಬೀದಿಯವರೇ.

ನಾನು ಮೋಸಗಾರನಲ್ಲ, ನನ್ನ ಯಂತ್ರವೂ ಅಲ್ಲ ಎಂದು ತೋರಿಸಬೇಕಿತ್ತು. ಒಂದು ವಾರ ಕುಳಿತು ಸಾವಿರ ಆಕಾಶಗಳನ್ನು ಮಾಡಿಸಿದೆ. ಪ್ರತಿಯೊಂದರಲ್ಲಿಯೂ ಯಾರಿಗೆ ಒಳ್ಳೆಯ ಜಾಗ, ಯಾರಿಗೆ ಕೆಟ್ಟ ಜಾಗ ಎಂದು ಎಣಿಸಿದೆ. ಸಾವಿರದಲ್ಲಿ ಏಳೂ ಬೀದಿಗಳಿಗೆ ಒಳ್ಳೆಯದೂ ಕೆಟ್ಟದ್ದೂ ಹೆಚ್ಚುಕಡಿಮೆ ಸಮನಾಗಿ ಬಂದಿದ್ದವು. ಹೊನ್ನೂರಮ್ಮನವರನ್ನು ಕರೆಸಿ ಹಾಳೆ ತೋರಿಸಿದೆ. "ನೋಡಿ ಅಕ್ಕ, ಯಂತ್ರಕ್ಕೆ ಯಾರ ಮೇಲೂ ದ್ವೇಷ ಇಲ್ಲ. ಎಲ್ಲರಿಗೂ ಒಂದೇ ಅವಕಾಶ. ನಿಮಗೆ ಹನ್ನೊಂದು ಸಲ ಹಿಂಗೆ ಬಿದ್ದದ್ದು ಬರೀ ಆಕಸ್ಮಿಕ."

ಅವರು ಹಾಳೆಯನ್ನು ನಿಧಾನವಾಗಿ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನೀನು ಸುಳ್ಳು ಹೇಳ್ತಿಲ್ಲ ಅಂತ ನಂಗೊತ್ತು ಕಣಪ್ಪ. ಗುಂಡಿ ಒತ್ತೋಕೆ ಮುಂಚೆ ನಾವೆಲ್ಲ ಸಮ ಅಂತೀಯ. ಸರಿ. ಆದ್ರೆ ನಾವು ಬದುಕೋದು ಒತ್ತಿದ ಮೇಲೆ."

ಹದಿನಾಲ್ಕು ವರ್ಷ ನಾನು ಒಂದು ಬೆರಳಿನಿಂದ ಒಂದು ಗುಂಡಿ ಒತ್ತಿ, ಆಮೇಲೆ ಆದದ್ದಕ್ಕೆಲ್ಲ ನಾನು ಹೊಣೆಯಲ್ಲ ಎಂದು ನೆಮ್ಮದಿಯಾಗಿ ಊಟ ಮಾಡಿದವನು. ಆ ದಿನ ಊಟ ಸೇರಲಿಲ್ಲ.

ವಿಷಯ ಪುರಸಭೆಯ ಅಧ್ಯಕ್ಷೆ ಕಾತ್ಯಾಯಿನಿಯವರ ಮುಂದೆ ಹೋಯಿತು. ಕಾತ್ಯಾಯಿನಿಯವರಿಗೆ ತೀರ್ಮಾನ ಕೊಡುವುದೆಂದರೆ ಆಗದು. ಸಭೆ ಕರೆದರೆ ತೀರ್ಮಾನ ತಾನಾಗಿ ಬರುತ್ತದೆ ಎಂದು ನಂಬಿದವರು. ಏಳೂ ಬೀದಿಯ ಆಟಗಾರರನ್ನು ಕರೆದರು. ಬಳೆ ಬೀದಿಯ ವಿರೂಪಾಕ್ಷಯ್ಯನವರು ಎದ್ದು ನಿಂತರು. ನಿವೃತ್ತ ಡ್ರಾಯಿಂಗ್ ಮಾಸ್ತರು, ಆರು ಸಲ ಗೆದ್ದವರು, ಗೆದ್ದಾಗಲೆಲ್ಲ ಒಂದೊಂದು ಹೊಸ ಶಾಲು ಹೊದೆಯುವವರು. "ಆಕಾಶ ಕೊಟ್ಟಿದ್ದನ್ನ ತಗೊಂಡು ಆಡೋದೇ ಆಟ. ಅದರಲ್ಲೂ ತಕರಾರು ತೆಗೆದ್ರೆ ಹೆಂಗೆ? ನನಗೇನು ಯಾವಾಗಲೂ ಒಳ್ಳೇ ಜಾಗ ಬಂದಿದೆಯಾ? ಬಂದ ಜಾಗನ ಒಳ್ಳೇದು ಮಾಡ್ಕೊಂಡಿದೀನಿ" ಎಂದರು. ಹೊನ್ನೂರಮ್ಮ ಹನ್ನೊಂದು ಬಟ್ಟೆಗಳನ್ನು ಒಂದೊಂದಾಗಿ ಅವರ ಮುಂದೆ ಇಟ್ಟರು. ಹಸಿರು ಗುಂಡಿಯ ಸುತ್ತ ಇದ್ದದ್ದನ್ನು ಎಣಿಸುತ್ತ ಹೋದ ಹಾಗೆ ವಿರೂಪಾಕ್ಷಯ್ಯನವರ ಶಾಲು ಒಂದು ಹೆಗಲಿನಿಂದ ಜಾರಿತು. ಅಧ್ಯಕ್ಷೆಯವರು ನನ್ನ ಕಡೆ ತಿರುಗಿ, "ಇಂದುಧರ ಅವರೇ, ಎಲ್ಲರಿಗೂ ಸಮ ಇರೋ ಆಕಾಶ ಒಂದು ಮಾಡ್ರಿ. ಹತ್ತು ದಿನ ಸಾಕಲ್ವಾ?" ಎಂದು ಎದ್ದುಹೋದರು.

ನಾಲ್ಕು ದಿನಕ್ಕೇ ಮುಗಿಸಿದೆ. ಏಳು ಎಸಳಿನ ಹೂವಿನ ಹಾಗೆ ಆಕಾಶ. ಎಸಳಿಗೊಂದು ಮನೆನಕ್ಷತ್ರ, ಪ್ರತಿ ಮನೆಗೂ ಮೂರು ಬೆಚ್ಚನೆಯ ಗ್ರಹ, ಎರಡು ಮಂಜಿನವು, ಪಕ್ಕದವರಿಗೆ ಇರುವ ದೂರವೂ ಒಂದೇ. ಒಂದು ಕೂದಲಿನಷ್ಟು ವ್ಯತ್ಯಾಸವಿಲ್ಲ. ನನ್ನ ಬಗ್ಗೆ ನನಗೇ ಗೌರವ ಬಂತು. ಸಭಾಂಗಣದಲ್ಲಿ ಅದನ್ನು ಹಾಕಿ, ಪರೀಕ್ಷೆಗೆಂದು ಒಂದು ದಿನದಲ್ಲಿ ಇಪ್ಪತ್ತು ನಡೆ ಆಡಿಸಿದೆ. ಮೊದಲ ನಡೆಯಲ್ಲಿ ಏಳು ಮಂದಿಯೂ ಬೆಚ್ಚನೆಯ ಗ್ರಹಕ್ಕೆ ಹಡಗು ಕಳಿಸಿದರು. ಎರಡನೆಯದರಲ್ಲಿ ಏಳು ಮಂದಿಯೂ ಎರಡನೆಯ ಗ್ರಹಕ್ಕೆ. ಒಬ್ಬರು ಯೋಚಿಸಿದ್ದನ್ನೇ ಉಳಿದ ಆರು ಮಂದಿಯೂ ಯೋಚಿಸುತ್ತಿದ್ದರು, ಯಾಕೆಂದರೆ ಯೋಚಿಸಲು ಬೇರೇನೂ ಇರಲಿಲ್ಲ. ಹನ್ನೆರಡನೆಯ ನಡೆಗೆ ಎಲ್ಲರ ಹಡಗುಗಳೂ ಹೂವಿನ ನಡುವೆ ಮುಖಾಮುಖಿಯಾಗಿ ನಿಂತವು. ಇಪ್ಪತ್ತನೆಯ ನಡೆಯವರೆಗೆ ಹಾಗೆಯೇ ನಿಂತಿದ್ದವು. ನೋಡಲು ಬಂದಿದ್ದ ಜನ ಒಬ್ಬೊಬ್ಬರಾಗಿ ಎದ್ದುಹೋದರು. ಎದುರಿನ ಚಹಾದಂಗಡಿಯವನು ನನ್ನ ಬಳಿ ಬಂದು, ತೊಂಬತ್ತು ದಿನ ಇದೇ ಆದರೆ ತಾನು ಅಂಗಡಿಯನ್ನು ಬಸ್ ನಿಲ್ದಾಣಕ್ಕೆ ಸಾಗಿಸುತ್ತೇನೆ ಎಂದು ಶಾಂತವಾಗಿ ತಿಳಿಸಿದ.

ನಾನು ಹೊನ್ನೂರಮ್ಮನವರ ಮುಖ ನೋಡಿದೆ. ಅವರಾದರೂ ಮೆಚ್ಚುತ್ತಾರೆ ಅಂದುಕೊಂಡಿದ್ದೆ. "ಇದು ಆಕಾಶ ಅಲ್ಲಪ್ಪ, ರಂಗೋಲಿ" ಎಂದರು. "ಏಳು ಜನರನ್ನ ನಿಲ್ಲಿಸಿ ಒಂದೇ ಅಳತೆ ರವಿಕೆ ಹೊಲಿದಂಗಾಯ್ತು. ನಾನು ಎಲ್ಲರಿಗೂ ಒಂದೇ ಬೇಕು ಅಂದಿದ್ನಾ? ಯಾರಿಗೆ ಯಾವುದು ಬಂದ್ರೂ ಅಳೋ ಹಂಗಿರಬಾರದು ಅಂದೆ."

"ಹಂಗಾದ್ರೆ ಹೆಂಗೆ ಮಾಡೋದು ಅಕ್ಕ, ನೀವೇ ಹೇಳಿ" ಎಂದೆ. ಸ್ವಲ್ಪ ಬೇಸರದಲ್ಲೇ ಹೇಳಿದೆ. ನಾಲ್ಕು ದಿನದ ಕೆಲಸ.

"ನಮ್ಮ ಮನೇಲಿ ಒಂದೇ ಸೀರೆ ಬಟ್ಟೇಲಿ ನಂಗೂ ನಮ್ಮ ತಂಗಿಗೂ ಲಂಗ ಆಗಬೇಕಿತ್ತು. ನಮ್ಮವ್ವ ನನ್ನ ಕೈಗೆ ಕತ್ತರಿ ಕೊಟ್ಟು, ನೀನು ಕತ್ತರಿಸು, ಅವಳು ಮೊದಲು ಆರಿಸ್ಕೊಳ್ಳಲಿ ಅನ್ನೋಳು. ಆ ಕತ್ತರಿ ಹಿಡ್ಕೊಂಡು ನಾನು ಎಷ್ಟು ಹೊತ್ತು ಕೂತಿರ್ತಿದ್ದೆ ಅಂತೀಯ." ಅವರು ಪರದೆಯ ಮೇಲಿದ್ದ ನನ್ನ ಹೂವನ್ನು ನೋಡುತ್ತಲೇ ಹೇಳಿದರು. "ನಿನ್ನ ಯಂತ್ರ ಬಟ್ಟೆ ಕೊಡಲಿ, ಅದು ಹೆಂಗಿದ್ರೂ ಸರಿ. ನಮ್ಮಲ್ಲೊಬ್ಬರು ಅದನ್ನ ಕತ್ತರಿಸಿ ಏಳು ಜಾಗ ಮಾಡ್ಲಿ. ಉಳಿದ ಆರು ಜನ ಆರಿಸ್ಕೊಳ್ಳಲಿ. ಕತ್ತರಿಸಿದೋರಿಗೆ ಎಲ್ಲರೂ ಬೇಡ ಅಂದು ಬಿಟ್ಟದ್ದು."

ಸಭಾಂಗಣದಲ್ಲಿ ಉಳಿದಿದ್ದ ಆಟಗಾರರು ಇದರಲ್ಲಿ ಎಲ್ಲಿ ಮೋಸ ಇರಬಹುದೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕತ್ತರಿಸೋರು ಯಾರು?" ಎಂದು ವಿರೂಪಾಕ್ಷಯ್ಯನವರು ಕೇಳಿದ ಕೂಡಲೇ ಎಲ್ಲರೂ ಫ್ಯಾನು ನೋಡತೊಡಗಿದರು. "ಈ ವರ್ಷ ನಾನು" ಎಂದರು ಹೊನ್ನೂರಮ್ಮ. "ಮುಂದಿನ ವರ್ಷ, ಈ ಸಲ ಕೊನೆಗೆ ಬಂದೋರು." ಇದಕ್ಕೆ ಒಂದೇ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಕೊನೆಗೆ ಬರುವವರು ಯಾರೆಂಬ ಬಗ್ಗೆ ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಯುಗಾದಿಯ ಮರುವಾರ ನಾನು ಗುಂಡಿ ಒತ್ತಿದೆ. ಬಂದ ಆಕಾಶ ಎಂದಿನಂತೆ ಅಡ್ಡಾದಿಡ್ಡಿ. ಪಡುವಣದಲ್ಲಿ ಗ್ರಹಗಳ ಜಾತ್ರೆ, ಮೂಡಣದಲ್ಲಿ ಖಾಲಿ, ಒಂದು ಕಡೆ ದೊಡ್ಡ ಧೂಳಿನ ಮೋಡ. ಅದನ್ನು ಕತ್ತರಿಸಲು ಹೊನ್ನೂರಮ್ಮನವರಿಗೆ ಹನ್ನೆರಡು ದಿನ ಕೊಟ್ಟರು. ಪ್ರತಿದಿನ ನೀರು ಹಿಡಿದು ಮುಗಿಸಿ ಮೂರೂವರೆಗೆ ಬರುತ್ತಿದ್ದರು, ಆರಕ್ಕೆ ಹೋಗುತ್ತಿದ್ದರು. ಅವರು ಹೇಳಿದ ಹಾಗೆ ನಾನು ಯಂತ್ರದಲ್ಲಿ ಮನೆನಕ್ಷತ್ರ, ಗ್ರಹಗಳನ್ನು ಸರಿಸುತ್ತಿದ್ದೆ. ಅವರ ಲೆಕ್ಕಾಚಾರ ನೋಡಿ ನನಗೆ ನಾಚಿಕೆಯಾಯಿತು. ಮನೆನಕ್ಷತ್ರದ ಹತ್ತಿರ ಎಷ್ಟು ಗ್ರಹ ಇವೆ ಎಂಬುದನ್ನು ಮಾತ್ರ ನಾನು ಎಣಿಸುತ್ತಿದ್ದೆ. ಅವರು ಬಾಗಿಲು ಎಷ್ಟು, ಅಂದರೆ ಪಕ್ಕದವರು ಒಳಗೆ ಬರುವ ದಾರಿ ಎಷ್ಟು ಎಂದು ಎಣಿಸುತ್ತಿದ್ದರು. "ಇದು ನಾಲ್ಕು ಬಾಗಿಲ ಮನೆ. ಗಾಳಿ ಚೆನ್ನಾಗಿ ಬರ್ತದೆ, ಕಳ್ಳರೂ ಬರ್ತಾರೆ. ಇಲ್ಲಿ ಒಂದು ಗ್ರಹ ಜಾಸ್ತಿ ಇರಲಿ, ಕಾವಲಿಗೆ ಬೇಕಾಗ್ತದೆ" ಎನ್ನುವರು. ಮೂಲೆಯ ಜಾಗಕ್ಕೆ ಬಂದರೆ, "ಇದಕ್ಕೆ ಒಂದೇ ಬಾಗಿಲು. ಕದ ಹಾಕ್ಕೊಂಡು ನೆಮ್ಮದಿಯಾಗಿ ಇರಬಹುದು. ಆದ್ರೆ ಹೊರಗೆ ಹೋಗೋದು ತಡ ಆಗ್ತದೆ. ಒಂದು ಹಡಗು ಮೊದಲೇ ಕೊಡು" ಎನ್ನುವರು. ಹೀಗೆ ಒಂದು ಕಡೆ ಹಿಡಿದು, ಇನ್ನೊಂದು ಕಡೆ ಬಿಟ್ಟು, ಪ್ರತಿ ಜಾಗದಲ್ಲೂ ತಾವೇ ಕೂತು ಹತ್ತು ಹತ್ತು ನಡೆ ಆಡಿ ನೋಡುತ್ತಿದ್ದರು. ಆಡಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರುವರು. ಏನು ಯೋಚನೆ ಎಂದು ಒಂದು ದಿನ ಕೇಳಿದೆ. "ಇದು ನಂಗೇ ಉಳೀತು ಅಂದ್ಕೊಂಡೆ. ಅಳು ಬರ್ತದಾ ಅಂತ ನೋಡ್ತಿದೀನಿ" ಎಂದರು.

ಒಂಬತ್ತನೆಯ ದಿನ ನಾನೊಂದು ತಪ್ಪು ಮಾತಾಡಿದೆ. ಮೂಡಣದ ಮೂಲೆಯ ಜಾಗ ಮಾತ್ರ ನೋಡಲು ಬಡವಾಗಿಯೇ ಕಾಣುತ್ತಿತ್ತು. ಧೂಳಿನ ಮೋಡದ ಪಕ್ಕ, ಚದುರಿದ ಸಣ್ಣ ಗ್ರಹಗಳು. ಎಷ್ಟು ಸರಿಮಾಡಿದರೂ ಕಣ್ಣಿಗೆ ಹಿಡಿಸದು. ಅದು ಅವರಿಗೇ ಉಳಿಯುತ್ತದೆ ಎಂಬುದು ನನಗೆ ಖಾತ್ರಿಯಾಗಿತ್ತು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅಕ್ಕ, ಆ ಮೋಡದ ಒಳಗೆ ಎರಡು ಬೆಚ್ಚನೆ ಗ್ರಹ ಇಟ್ಟುಬಿಡ್ತೀನಿ. ಹೊರಗಿಂದ ಯಾರಿಗೂ ಕಾಣಲ್ಲ. ಹನ್ನೊಂದು ವರ್ಷ ಅನುಭವಿಸಿದೀರಿ" ಎಂದೆ.

ಹೊನ್ನೂರಮ್ಮ ಕುರ್ಚಿಯಿಂದ ಎದ್ದರು. "ಹನ್ನೊಂದು ವರ್ಷ ನಾನು ಬಂದು ಬಂದು ಕೇಳಿದ್ದು ಇದನ್ನಾ?" ಎಂದಷ್ಟೇ ಕೇಳಿ ಹೊರಟುಹೋದರು. ಮರುದಿನ ಬರಲಿಲ್ಲ. ನಾನು ನಾಲ್ಕೂವರೆಯವರೆಗೆ ಕಾದು ಗಾಣದ ಬೀದಿಗೆ ಹೋದೆ. ಅಷ್ಟು ವರ್ಷದಲ್ಲಿ ಆ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ಮನೆಮನೆಯ ಮುಂದೆಯೂ ತುಂಬಿದ ಡ್ರಮ್ಮುಗಳು, ಒಂದೊಂದರ ಮೇಲೂ ಬಟ್ಟೆ ಕಟ್ಟಿ, ಕಲ್ಲು ಹೇರಿ. ಅವರು ಜಗಲಿಯ ಮೇಲೆ ಕೂತು ಹೆಮ್ಮಿಂಗ್ ಹಾಕುತ್ತಿದ್ದರು. ನಾನು ನಿಂತೇ ಇದ್ದೆ. "ತಪ್ಪಾಯ್ತು ಅಕ್ಕ" ಎಂದೆ.

"ಕೂತ್ಕೋ" ಎಂದರು. ದಾರ ಕಚ್ಚಿ ತುಂಡು ಮಾಡಿದರು. "ನೀನು ಕೆಟ್ಟೋನಲ್ಲ. ಕನಿಕರ ಬಂತು ನಿಂಗೆ. ಆದ್ರೆ ನಾನು ಹಂಗೆ ಗೆದ್ದು ಬೆಳಿಗ್ಗೆ ಆರಕ್ಕೆ ನೀರು ಹಿಡಿದ್ರೆ, ಎರಡು ಗಂಟೆಗೆ ಹಿಡಿಯೋರ ಮುಖ ನೋಡಕ್ಕಾಗ್ತದಾ? ಯಾರಿಗೋ ಒಬ್ಬರಿಗೆ ಎರಡು ಗಂಟೆ ಬರ್ಲೇಬೇಕು. ಬರಲಿ. ಆಡಿ ಸೋತು ಬರಲಿ." ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟರು. ಆ ಬೀದಿಯ ನೀರಿನ ಮಜ್ಜಿಗೆಯನ್ನು ನಾನು ಒಂದು ಹನಿಯೂ ಚೆಲ್ಲದ ಹಾಗೆ ಕುಡಿದೆ.

ಹನ್ನೆರಡನೆಯ ದಿನ ಆಕಾಶ ಸಿದ್ಧವಾಯಿತು. ಆರಿಸುವ ಸರದಿಗೆ ಚೀಟಿ ಎತ್ತಿಸಿದೆವು. ಒಬ್ಬೊಬ್ಬರಿಗೆ ಹೆಚ್ಚೆಂದರೆ ಮೂರು ದಿನ. ಮೊದಲ ಚೀಟಿ ವಿರೂಪಾಕ್ಷಯ್ಯನವರಿಗೇ ಬಂತು. ಆಕಾಶ ಕೊಟ್ಟದ್ದನ್ನು ತೆಗೆದುಕೊಂಡು ಆಡಬೇಕು ಎನ್ನುತ್ತಿದ್ದವರು ಪರದೆಯ ಮುಂದೆ ಕೂತವರು ಏಳಲಿಲ್ಲ. ಎಡಗಡೆಯದು ಚೆನ್ನಾಗಿದೆ ಎನ್ನುವರು, ಹತ್ತು ನಿಮಿಷದ ಮೇಲೆ ಅದರಲ್ಲೇನೋ ಒಂದು ಕೊಂಕು ಕಾಣುವುದು. ಮೊದಲ ದಿನ ಶಾಲು ಹೊದ್ದು ಬಂದಿದ್ದರು, ಎರಡನೆಯ ದಿನ ಬರೀ ಅಂಗಿಯಲ್ಲಿ ಬಂದರು, ಮೂರನೆಯ ದಿನ ಕ್ಷೌರವನ್ನೂ ಮಾಡಿಸಿರಲಿಲ್ಲ. ಏಳೂ ಜಾಗಗಳು ಅವರಿಗೆ ಒಂದೇ ಸಮನಾಗಿ ಅನುಮಾನ ಹುಟ್ಟಿಸುತ್ತಿದ್ದವು. ಇದಕ್ಕಿಂತ ದೊಡ್ಡ ಪ್ರಶಂಸೆ ಹೊನ್ನೂರಮ್ಮನವರ ಕತ್ತರಿಗೆ ಸಿಗಲಾರದು ಎಂದು ನನಗೆ ಅನಿಸಿತು. ಕೊನೆಗೆ ಅವರ ಹೆಂಡತಿ ಪಂಪಾವತಿಯವರು ಊಟದ ಕ್ಯಾರಿಯರ್ ತಂದು ಮೇಜಿನ ಮೇಲಿಟ್ಟು, "ಅನ್ನ ಆರಿ ಹೋಗ್ತದೆ. ಆ ನಡುವಿಂದು ತಗೊಳ್ರಿ, ಗ್ರಹ ಜಾಸ್ತಿ ಕಾಣ್ತವೆ" ಎಂದರು. ಅದೇ ಅಂತಿಮವಾಯಿತು.

ಉಳಿದವರೂ ಒಬ್ಬೊಬ್ಬರಾಗಿ ಆರಿಸಿದರು. ಮೂಡಣದ ಮೂಲೆಯನ್ನು ಎಲ್ಲರೂ ನೋಡಿದರು, ಯಾರೂ ಮುಟ್ಟಲಿಲ್ಲ. ಅದು ಹೊನ್ನೂರಮ್ಮನವರಿಗೆ ಉಳಿಯಿತು.

ಆ ಸಲದ ಆಟದಷ್ಟು ಜನ ಸೇರಿದ ಆಟವನ್ನು ನಾನು ಕಂಡಿಲ್ಲ. ವಿರೂಪಾಕ್ಷಯ್ಯನವರಿಗೆ ಗ್ರಹ ಹೆಚ್ಚು ಬಂದದ್ದು ನಿಜ, ಬಾಗಿಲುಗಳೂ ನಾಲ್ಕು ಬಂದಿದ್ದವು. ಕಾವಲಿಗೆಂದು ಹೊನ್ನೂರಮ್ಮ ಕೊಟ್ಟಿದ್ದ ಗ್ರಹದ ಆದಾಯದಲ್ಲಿ ಅವರು ಕಾವಲು ಹಾಕಲಿಲ್ಲ, ಇನ್ನಷ್ಟು ಗ್ರಹ ಹಿಡಿಯಲು ಹಡಗು ಕಟ್ಟಿದರು. ಅದುವರೆಗಿನ ಹನ್ನೊಂದು ವರ್ಷ ಅವರಿಗೆ ಕಾವಲು ಎಂಬುದೇ ಬೇಕಾಗಿರಲಿಲ್ಲ, ಅಭ್ಯಾಸ ಎಲ್ಲಿಂದ ಬರಬೇಕು? ಮೂವತ್ತನೆಯ ದಿನ ಉಪ್ಪಿನ ಬೀದಿ ಒಂದು ಬಾಗಿಲಿನಿಂದ ಒಳಗೆ ಬಂತು. ನಲವತ್ತನೆಯ ದಿನ ಹೊಳೆ ಬೀದಿ ಇನ್ನೊಂದರಿಂದ ಬಂತು. ಆಮೇಲೆ ಮಾಸ್ತರು ಎಲ್ಲರಿಗೂ ಸ್ನೇಹದ ಪತ್ರ ಬರೆಯತೊಡಗಿದರು. ಸುಂದರ ಕೈಬರಹ, ಅಂಚಿನಲ್ಲಿ ಬಳ್ಳಿಯ ಚಿತ್ತಾರ. ಯಾರೂ ಉತ್ತರ ಬರೆಯಲಿಲ್ಲ. ಹೊನ್ನೂರಮ್ಮ ಮಾತ್ರ, ಪತ್ರ ಬಂದು ತಲುಪಿತು, ಅಕ್ಷರ ದುಂಡಗಿವೆ ಎಂದು ತಿಳಿಸಿದರು. ಅವರು ತಮ್ಮ ಮೂಲೆಯಲ್ಲಿ ಬಾಗಿಲು ಹಾಕಿಕೊಂಡು, ಮೋಡದ ಪಕ್ಕದ ಸಣ್ಣ ಸಣ್ಣ ಗ್ರಹಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತಿದ್ದರು. ಅವರಿಗೆ ಇಷ್ಟು ವರ್ಷ ಸಿಕ್ಕ ಜಾಗಗಳಿಗೆ ಹೋಲಿಸಿದರೆ ಅದು ಅರಮನೆ. ಎಪ್ಪತ್ತನೆಯ ದಿನ ಬಾಗಿಲು ತೆಗೆದು ಹೊರಗೆ ಬಂದಾಗ ಅವರ ಬಳಿ ಇಷ್ಟು ಹಡಗುಗಳಿವೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಗೆಲ್ಲಲಿಲ್ಲ. ಉಪ್ಪಿನ ಬೀದಿ ಗೆದ್ದಿತು, ಹೊಳೆ ಬೀದಿ ಎರಡನೆಯದು, ಒಂದೇ ಒಂದು ಗ್ರಹ ಹಿಂದೆ ಬಿದ್ದು ಗಾಣದ ಬೀದಿ ಮೂರನೆಯದು. ಬಳೆ ಬೀದಿ ಕೊನೆಯದು. ನಾನು ಫಲಿತಾಂಶ ಓದಿ ಮುಗಿಸಿದ ಮೇಲೆ ಹೊನ್ನೂರಮ್ಮ ನನ್ನ ಬಳಿ ಬಂದು, "ಮೂರನೇದಕ್ಕೆ ಎಷ್ಟು ಗಂಟೆ?" ಎಂದು ಕೇಳಿದರು. ಊರಿನ ಮಕ್ಕಳಿಗೂ ಬಾಯಿಪಾಠವಿರುವ ಸಂಗತಿ. ಅವರಿಗೆ ಅದನ್ನು ತಿಳಿದುಕೊಳ್ಳುವ ಕಾರಣವೇ ಬಂದಿರಲಿಲ್ಲ. "ಎಂಟು ನಲವತ್ತು ಅಕ್ಕ" ಎಂದೆ. "ಎಂಟು ನಲವತ್ತು" ಎಂದು ಅವರು ಒಂದೆರಡು ಸಲ ಹೇಳಿಕೊಂಡರು. ಒಂಬತ್ತು ಇಪ್ಪತ್ತಕ್ಕೆ ನೀರು ನಿಲ್ಲುತ್ತದೆ, ಶಾಲೆ ಹತ್ತಕ್ಕೆ ಶುರುವಾಗುತ್ತದೆ ಎಂಬ ಲೆಕ್ಕ ಅವರ ಮುಖದಲ್ಲಿ ನಡೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಮುಂದಿನ ತಿಂಗಳು ಅವರು ಹೆಣ್ಣುಮಕ್ಕಳ ಶಾಲೆಗೆ ಹೊಲಿಗೆ ಕಲಿಸಲು ಹೋದರು. ಖಾಯಂ ಕೆಲಸವಲ್ಲ, ವಾರಕ್ಕೆ ನಾಲ್ಕು ದಿನ. ಸಾಕು ಎಂದರು.

ವಿರೂಪಾಕ್ಷಯ್ಯನವರು ಒಂದು ವಾರ ಬಿಟ್ಟು ತಕರಾರು ಅರ್ಜಿ ಕೇಳಿಕೊಂಡು ಬಂದರು. ಕೊಟ್ಟೆ. ಪೆನ್ನು ತೆರೆದು ಬಹಳ ಹೊತ್ತು ನಿಂತಿದ್ದರು. "ಏನಂತ ಬರೀಲಿ ಇಂದುಧರ? ಜಾಗ ನಾನೇ ಆರಿಸಿದ್ದು" ಎಂದರು. "ಪಂಪಾವತಿಯಮ್ಮನವರು ಆರಿಸಿದ್ದು ಅಂತ ಬರೀಬಹುದು ಸಾರ್" ಎಂದೆ. "ಬರೆದು ನಾನು ಮನೆಗೆ ಹೋಗೋದು ಬೇಡ್ವಾ?" ಎಂದು ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಪಂಪಾವತಿಯವರು ಮಧ್ಯಾಹ್ನ ಮಕ್ಕಳಿಗೆ ವೀಣೆ ಹೇಳಿಕೊಡುತ್ತಿದ್ದರು. ಅದು ನಿಲ್ಲಬಾರದೆಂದು ಆ ವರ್ಷ ಎರಡು ಗಂಟೆಯ ನೀರನ್ನು ಮಾಸ್ತರೇ ಹಿಡಿದರು. ಮೊದಲ ತಿಂಗಳು ಅವರಿಗೆ ಸೊಂಟ ಹಿಡಿದುಕೊಂಡಿತು. ಆಮೇಲಾಮೇಲೆ ಬಳೆ ಬೀದಿಯ ಅಷ್ಟೂ ಹೆಂಗಸರ ಜೊತೆ ನಲ್ಲಿಯ ಬಳಿ ಕೂತು ಮಾತಾಡುವುದನ್ನು ಕಲಿತರು. ಊರಿನ ಬಗ್ಗೆ ಇಷ್ಟು ಸಂಗತಿಗಳು ಇವೆಯೆಂದು ಗೊತ್ತೇ ಇರಲಿಲ್ಲ ಎಂದು ನನಗೊಮ್ಮೆ ಹೇಳಿದರು.

ಮರುವರ್ಷ ಆಕಾಶ ಕತ್ತರಿಸುವುದು ಅವರ ಪಾಲಿಗೆ ಬಂತು. ಪರದೆಯ ಮುಂದೆ ಎರಡು ದಿನ ಕೈಕಟ್ಟಿ ಕೂತರು. ಮೂರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಹೋಗಿ ನಿಂತು, ಹೊನ್ನೂರಮ್ಮನವರನ್ನು ಕಚೇರಿಗೆ ಕರೆತಂದರು. "ಹೊನ್ನೂರಮ್ಮನೋರೇ, ನೀವು ಇದನ್ನ ಹೆಂಗೆ ಮಾಡಿದ್ರಿ? ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಕಿತ್ತುಕೊಳ್ತದೆ."

"ನಂಗೂ ಹಂಗೇ ಆಗ್ತಿತ್ತು ಮೇಷ್ಟ್ರೇ. ಒಂದೊಂದು ಜಾಗದಲ್ಲೂ ಕೂತು ನೋಡಿ. ಇದೇ ನಿಮಗೆ ಉಳೀತು ಅಂದ್ಕೊಳ್ಳಿ."

"ಅಂದ್ಕೊಂಡೆ. ಏಳರಲ್ಲೂ ಅಳು ಬರ್ತದೆ."

ಹೊನ್ನೂರಮ್ಮ ನಕ್ಕರು. ನಾನು ಅವರು ನಕ್ಕದ್ದನ್ನು ಕಂಡದ್ದು ಕಡಿಮೆ. "ಹಂಗಾದ್ರೆ ಸರಿಯಾಗೇ ಹೋಗ್ತಿದೆ. ಇನ್ನೂ ಸ್ವಲ್ಪ ದಿನ ಕೂತ್ಕೊಳ್ಳಿ" ಎಂದು ಹೇಳಿ ಹೋದರು. ಮಾಸ್ತರು ಕೂತರು. ಡ್ರಾಯಿಂಗ್ ಮಾಸ್ತರ ಕೈ, ಆಕಾಶ ನೋಡಲೂ ಚೆಂದವಾಗಿ ಬಂತು. ಹನ್ನೆರಡು ದಿನದಲ್ಲಿ ಅವರು ಅದನ್ನು ಮುಗಿಸಿದಾಗ ಯಾವ ಜಾಗ ಹೆಚ್ಚು, ಯಾವುದು ಕಡಿಮೆ ಎಂದು ನನಗೆ ಹೇಳಲಾಗಲಿಲ್ಲ.

ಆರಿಸುವ ಸರದಿಯಲ್ಲಿ ಮೊದಲ ಚೀಟಿ ಹೊನ್ನೂರಮ್ಮನವರಿಗೆ ಬಂತು. ಇವರಾದರೂ ಬೇಗ ಮುಗಿಸುತ್ತಾರೆ, ಜಾಗಗಳ ಬೆಲೆ ಇವರಷ್ಟು ಬಲ್ಲವರು ಊರಲ್ಲಿಲ್ಲ ಎಂದು ಎಲ್ಲರೂ ಅಂದುಕೊಂಡೆವು. ಅವರು ಶಾಲೆಯಿಂದ ಬಂದು, ಕೈಕಾಲು ತೊಳೆದು, ಪರದೆಯ ಮುಂದಿನ ಕುರ್ಚಿಯಲ್ಲಿ ಕೂತರು. "ಒಂದು ಸುತ್ತು ತಿರುಗಿಸಪ್ಪ" ಎಂದರು. ಆಕಾಶವನ್ನು ನಿಧಾನವಾಗಿ ತಿರುಗಿಸಿದೆ. ಚಹಾ ತರಿಸಿಕೊಂಡು ಕುಡಿದರು. "ಇನ್ನೊಂದ್ಸಲ" ಎಂದರು. ಐದೂವರೆಗೆ ಎದ್ದು, ನಾಳೆ ಬರ್ತೀನಿ ಎಂದು ಹೋದರು. ಮರುದಿನವೂ ಹಾಗೆಯೇ. ಆಟಗಾರರೆಲ್ಲ ಕಾಯುತ್ತಿದ್ದರು. ಕಾತ್ಯಾಯಿನಿಯವರು ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. ಹೊನ್ನೂರಮ್ಮ ಲೆಕ್ಕ ಹಾಕುತ್ತಿರಲಿಲ್ಲ. ಬಾಗಿಲು ಎಣಿಸುತ್ತಿರಲಿಲ್ಲ, ಕಣ್ಣು ಮುಚ್ಚಿ ಕೂರುತ್ತಲೂ ಇರಲಿಲ್ಲ. ಬಟ್ಟೆಯಂಗಡಿಯಲ್ಲಿ ಸೀರೆಗಳನ್ನು ಬಿಚ್ಚಿಸಿ ಬಿಚ್ಚಿಸಿ ನೋಡುವ ಹಾಗೆ ಒಂದೊಂದೇ ಜಾಗವನ್ನು ಹತ್ತಿರಕ್ಕೆ ತರಿಸಿ ನೋಡುತ್ತಿದ್ದರು. ನಾನು ಬೇಸರಿಸದೆ ತಿರುಗಿಸುತ್ತಿದ್ದೆ.

ಮೂರನೆಯ ದಿನ ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಒಂದರ ಮೇಲೆ ಬೆರಳಿಟ್ಟರು. ನಡುವಿನದೂ ಅಲ್ಲ, ಮೂಲೆಯದೂ ಅಲ್ಲ, ಎಲ್ಲೋ ಒಂದು ಬದಿಯಲ್ಲಿದ್ದ ಜಾಗ. ಹೊಸ ಪದ್ಧತಿಗೆಂದು ಕಚೇರಿಯವರು ಅಚ್ಚು ಹಾಕಿಸಿದ್ದ ಫಾರಂ ಹಿಡಿದು, "ಆರಿಸಿದ ಕಾರಣ ಏನಂತ ಬರೀಲಿ ಅಕ್ಕ?" ಎಂದು ಕೇಳಿದೆ.

ಅವರು ಪರದೆಯನ್ನು ಇನ್ನೊಮ್ಮೆ ನೋಡಿದರು. "ಕಾರಣ ಏನೂ ಇಲ್ಲಪ್ಪ. ಚೆನ್ನಾಗಿ ಕಾಣ್ತು."

ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಅವರು ಕನ್ನಡಕ ಹಾಕಿಕೊಂಡು, ಬರೆದದ್ದನ್ನು ಎರಡು ಸಲ ಓದಿ, ಸಹಿ ಮಾಡಿದರು.